ನಂದಿ ಬೆಟ್ಟ ಹತ್ತಿದವರು ಸ್ಪಿತಿಗೆ ಹೋದರೆ

ಬೆಂಗಳೂರಿನವರಿಗೆ ಬೆಟ್ಟವೆಂದರೆ ನಂದಿ. ಭಾನುವಾರ ಬೆಳಗಿನ ಜಾವ ಮೂರೂವರೆಗೆ ಎದ್ದು, ಬುಡದಲ್ಲಿ ಕಾರಿನ ಸಾಲಿನಲ್ಲಿ ಒಂದೂವರೆ ಗಂಟೆ ನಿಂತು, ಸೂರ್ಯ ಮೇಲೆ ಬಂದಾದ ಮೇಲೆ ಸೂರ್ಯೋದಯ ನೋಡಿ, ಇಳಿಯುವಾಗ ತಟ್ಟೆ ಇಡ್ಲಿ ತಿಂದು ಬರುವುದಕ್ಕೆ ನಮ್ಮಲ್ಲಿ ‘ಟ್ರೆಕ್ಕಿಂಗ್’ ಎಂದು ಹೆಸರು. ನಂದಿ 1,478 ಮೀಟರ್. ಬೆಂಗಳೂರೇ ಸುಮಾರು 920 ಮೀಟರ್ ಎತ್ತರದಲ್ಲಿ ಕೂತಿರುವುದರಿಂದ ಕಾರು ಹತ್ತಿದ್ದು ಐನೂರ ಚಿಲ್ಲರೆ ಮೀಟರ್. ಕಾರಿನೊಳಗೆ ಕೂತವರು ಹತ್ತಿದ್ದು ಸೊನ್ನೆ. ಇಷ್ಟು ಬಂಡವಾಳ ಇಟ್ಟುಕೊಂಡು ಪ್ರತಿ ಜೂನ್‌ನಲ್ಲಿ ಒಂದು ದಂಡು ಸ್ಪಿತಿಗೆ ಹೊರಡುತ್ತದೆ.

ಸ್ಪಿತಿ ಇರುವುದು ಹಿಮಾಚಲ ಪ್ರದೇಶದ ಅಂಚಿನಲ್ಲಿ, ಟಿಬೆಟ್ಟಿನ ಗಡಿಗೆ ಒರಗಿಕೊಂಡು. ಹೆಸರಿನ ಅರ್ಥ ನಡುನಾಡು. ಮಳೆಮೋಡ ದಾಟದ ಮರುಭೂಮಿ. ಬೂದು ಬೆಟ್ಟ, ಕೆಳಗೆ ನದಿ, ನಡುವೆ ಗೋಡೆಗೆ ಅಂಟಿದ ಹಲ್ಲಿಗಳ ಹಾಗೆ ಬೌದ್ಧ ಮಠಗಳು, ಅಲ್ಲಿಯವರ ಮಾತಿನಲ್ಲಿ ಗೊಂಪಾಗಳು. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಸ್ಪಿತಿಯಲ್ಲಿ ಅದರ ಎರಡರಷ್ಟು ಎತ್ತರದಲ್ಲಿ ಜನ ನೆಮ್ಮದಿಯಾಗಿ ಬಟಾಣಿ ಬೆಳೆಯುತ್ತಾರೆ.

ಮೊದಲ ಎಡವಟ್ಟು ಬೆಂಗಳೂರಿನ ಸೋಫಾ ಮೇಲೆಯೇ ಆಗಿಹೋಗುತ್ತದೆ. ಮೊಬೈಲಿನ ನಕ್ಷೆಯಲ್ಲಿ ಮನಾಲಿಯಿಂದ ಸ್ಪಿತಿಯ ಮುಖ್ಯ ಊರಾದ ಕಾಜಾಕ್ಕೆ ಸುಮಾರು 200 ಕಿ.ಮೀ. ಎಂದು ಕಾಣುತ್ತದೆ. “ಹಾಸನಕ್ಕಿಂತ ಚೂರು ದೂರ ಕಣೋ, ಮಧ್ಯಾಹ್ನದ ಊಟಕ್ಕೆ ಸೇರ್ತೀವಿ” ಎಂದು ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿಗೆ ಆ ಕಾರು ಗ್ರಾಂಫೂ ದಾಟಿ, ರಸ್ತೆ ಯಾವುದು ಹೊಳೆ ಯಾವುದು ಎಂದು ತಿಳಿಯದ ಕಡೆ ನಿಂತಿರುತ್ತದೆ. ಹಿಮ ಕರಗಿ ಹರಿಯುವ ತೊರೆಗಳಿಗೆ ಅಲ್ಲಿ ನಾಲಾ ಎನ್ನುತ್ತಾರೆ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನಾಲಾ, ಬಿಸಿಲೇರಿ ಮೇಲಿನ ಹಿಮ ಕರಗಿದ ಮೇಲೆ, ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ಬಾನೆಟ್‌ಗೆ ಬರುತ್ತದೆ. ಆದ್ದರಿಂದ ಅಲ್ಲಿ ದಾಟುವ ಕೆಲಸವೆಲ್ಲ ಹತ್ತು ಗಂಟೆಯೊಳಗೆ ಮುಗಿಯಬೇಕು. ಸಿಲ್ಕ್ ಬೋರ್ಡಿನಲ್ಲಿ ಹತ್ತು ಗಂಟೆಗೆ ಕಾಯುವುದಕ್ಕೂ ಇಲ್ಲಿ ಹತ್ತು ಗಂಟೆಗೆ ಮೊದಲು ದಾಟುವುದಕ್ಕೂ ಒಂದೇ ವ್ಯತ್ಯಾಸ: ಈ ಸಿಗ್ನಲ್ ಮತ್ತೆ ಹಸಿರಾಗುವುದು ಮರುದಿನ.

ಮನಾಲಿ ದಾರಿಯ ನಿಜವಾದ ಗೋಳು ರಸ್ತೆಯಲ್ಲ, ಏರು. 2,050 ಮೀಟರಿನ ಮನಾಲಿಯಲ್ಲಿ ಮಲಗಿ ಎದ್ದು ಅದೇ ದಿನ 4,551 ಮೀಟರಿನ ಕುಂಜುಮ್ ಕಣಿವೆದಾರಿ ಹತ್ತಿ ಇಳಿದರೆ, ಸಂಜೆ ಕಾಜಾದಲ್ಲಿ ಕಾರಿನಿಂದ ಇಳಿಯುವುದು ಮನುಷ್ಯನಲ್ಲ, ತಲೆನೋವು. ಅದರ ಹಿಂದೆ ಮನುಷ್ಯ ಇಳಿಯುತ್ತಾನೆ. ಹಾಗಾಗಿ ಬಲ್ಲವರು ಉದ್ದದ ದಾರಿ ಹಿಡಿಯುತ್ತಾರೆ. ಚಂಡೀಗಢಕ್ಕೆ ವಿಮಾನ, ಅಲ್ಲಿಂದ ಶಿಮ್ಲಾ ಮೇಲೆ ನಾರಕಂಡಾದಲ್ಲಿ ಒಂದು ರಾತ್ರಿ, ಕಲ್ಪಾದಲ್ಲಿ ಒಂದು, ನಾಕೋದಲ್ಲಿ ಒಂದು, ಆಮೇಲೆ ತಾಬೋ. ಶಿಮ್ಲಾದಿಂದ ಕಾಜಾಕ್ಕೆ ಸುಮಾರು 420 ಕಿ.ಮೀ., ಅಂದರೆ ಮನಾಲಿ ದಾರಿಯ ಎರಡರಷ್ಟು. ಆದರೆ ಮೈ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಐದು ದಿನದ ರಜೆಗೆ ಎರಡೂ ಕಡೆ ಶನಿವಾರ ಭಾನುವಾರ ಹೊಲಿದರೆ ಒಂಬತ್ತು ದಿನ. ಇದು ಅದರೊಳಗೆ ಹಿಡಿಯುತ್ತದೆ, ಮ್ಯಾನೇಜರಿಗೆ ಅಜ್ಜಿ ತೀರಿಹೋದ ಸುದ್ದಿ ಕೊಡುವ ಅಗತ್ಯವಿಲ್ಲ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚು ಏರಬಾರದೆನ್ನುವುದು ಸಾಮಾನ್ಯ ಲೆಕ್ಕ. ಹಗಲು ಎಷ್ಟು ಬೇಕಾದರೂ ಹತ್ತಿ, ಮಲಗುವುದಕ್ಕೆ ಇಳಿದು ಬನ್ನಿ.

ಮೇಲೆ ಹೋದರೆ ಗಾಳಿಯಲ್ಲಿ ಆಮ್ಲಜನಕ ಕಮ್ಮಿ ಎಂದು ಎಲ್ಲರೂ ಹೇಳುತ್ತಾರೆ. ಪಾಲು ಕಮ್ಮಿಯಾಗುವುದಿಲ್ಲ, ಅಲ್ಲೂ ಅದು ಶೇ. 21. ಕಮ್ಮಿಯಾಗುವುದು ಗಾಳಿಯ ಒತ್ತಡ. ನಾಲ್ಕೂವರೆ ಸಾವಿರ ಮೀಟರಿನಲ್ಲಿ ಅದು ಸಮುದ್ರಮಟ್ಟದ ಶೇ. 57ರ ಆಸುಪಾಸು. ಒಂದು ಉಸಿರಿಗೆ ಅರ್ಧ ಪ್ಲೇಟ್ ಬಂದ ಹಾಗೆ. ಇದಕ್ಕೆ ವೈದ್ಯರು ಅಸಿಟಜೋಲಮೈಡ್ 125 ಮಿ.ಗ್ರಾಂ. ಮಾತ್ರೆಯನ್ನು ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ ಬರೆದುಕೊಡುವುದುಂಟು. ಸಲ್ಫಾ ಔಷಧಿ ಆಗದವರು ಅದನ್ನು ಮೊದಲೇ ಹೇಳಬೇಕು. ಮಾತ್ರೆ ನುಂಗಿದವರ ಬೆರಳ ತುದಿ ಜುಮುಜುಮು ಎನ್ನುತ್ತದೆ, ಅರ್ಧ ಗಂಟೆಗೊಮ್ಮೆ ಗಾಡಿ ನಿಲ್ಲಿಸಬೇಕಾಗುತ್ತದೆ, ಸೋಡಾ ಕುಡಿದರೆ ಗ್ಯಾಸ್ ಹೋದ ಸೋಡಾದ ರುಚಿ ಬರುತ್ತದೆ. ಈ ಕೊನೆಯದು ಗೊತ್ತಿಲ್ಲದೆ ಪಾಪದ ಅಂಗಡಿಯವರ ಹತ್ತಿರ ಜಗಳ ಮಾಡುವವರಿದ್ದಾರೆ. ನಡೆ ತಡವರಿಸಿದರೆ, ಮಾತು ತೊದಲಿದರೆ, ಕೂತಲ್ಲೇ ಏದುಸಿರು ಬಂದರೆ ಮಾತ್ರ ಯಾವ ಚರ್ಚೆಯೂ ಬೇಡ, ಆ ರಾತ್ರಿಯೇ ಕೆಳಗಿಳಿಯಬೇಕು.

ನಮ್ಮವರ ನಂಬಿಕೆಯ ಔಷಧಿ ಇನ್ನೊಂದಿದೆ, ಕರ್ಪೂರ. ಕರವಸ್ತ್ರದಲ್ಲಿ ಕಟ್ಟಿ ಮೂಸುತ್ತಾ ಹೋಗುತ್ತಾರೆ. ಮೂಗು ಬಿಟ್ಟುಕೊಂಡ ಹಾಗನಿಸುತ್ತದೆ, ರಕ್ತದ ಆಮ್ಲಜನಕ ಇದ್ದಷ್ಟೇ ಇರುತ್ತದೆ. ಮೂಸಿದರೆ ನಷ್ಟವೇನಿಲ್ಲ. ಅದೇ ಕರ್ಪೂರವನ್ನು ಗೊಂಪಾದೊಳಗೆ ಹಚ್ಚಿ ಮಂಗಳಾರತಿಗೆ ಹೊರಟರೆ ನಷ್ಟ ಸಾವಿರ ವರ್ಷದ್ದು.

ಏಕೆಂದರೆ ತಾಬೋ ಮಠ ಕಟ್ಟಿದ್ದು 996ರಲ್ಲಿ. ನಮ್ಮ ಶ್ರವಣಬೆಳಗೊಳದಲ್ಲಿ ಗೊಮ್ಮಟ ಎದ್ದು ನಿಂತು ಸುಮಾರು ಹದಿನೈದು ವರ್ಷವಾಗಿತ್ತು. ನಮ್ಮವರು ಕಲ್ಲು ಕೆತ್ತಿದರು, ಅವರು ಮಣ್ಣು ಮೆತ್ತಿದರು. ಪಶ್ಚಿಮ ಟಿಬೆಟ್ಟಿನ ಗುಗೆ ರಾಜ್ಯದ ದೊರೆ ಯೇಶೆ ಓ ಕಟ್ಟಿಸಿದ್ದು, ಅನುವಾದಕ ಗುರು ರಿಂಚೆನ್ ಜಂಗ್ಪೋ ಹೆಸರು ಜೊತೆಗೆ ಸೇರಿಕೊಂಡಿದೆ. 1042ರಲ್ಲಿ ಒಮ್ಮೆ ಜೀರ್ಣೋದ್ಧಾರವೂ ಆಯಿತು. ಹೊರಗಿಂದ ನೋಡಿದರೆ ಏನೂ ಇಲ್ಲ, ಉತ್ತರ ಕರ್ನಾಟಕದ ಮಾಳಿಗೆ ಮನೆಗಳನ್ನು ಒಟ್ಟಿಗೆ ನಿಲ್ಲಿಸಿದ ಹಾಗೆ ಮಣ್ಣಿನ ಡಬ್ಬಿಗಳು. “ಇಷ್ಟೇನಾ?” ಎಂಬ ಉದ್ಗಾರ ಎದ್ದೇಳುವುದು ಇಲ್ಲೇ. ಒಳಗೆ ಹೋದರೆ ಇನ್ನೂ ಏನೂ ಇಲ್ಲ, ಕತ್ತಲೆ. ಬಿಸಿಲಿನಿಂದ ನೇರ ಬಂದ ಕಣ್ಣಿಗೆ ಗೋಡೆ ಕಾಣಲು ಐದಾರು ನಿಮಿಷವಾದರೂ ಬೇಕು. ಹೆಚ್ಚಿನವರು ಮೂರನೇ ನಿಮಿಷಕ್ಕೆ ಹೊರಬಂದು ಚಹಾ ಹುಡುಕುತ್ತಾರೆ. ತಾಳಿಕೊಂಡು ಕೂತವರಿಗೆ ಕತ್ತಲೆಯೊಳಗಿಂದ ಒಬ್ಬೊಬ್ಬರಾಗಿ ಮೇಲೇಳುತ್ತಾರೆ: ಗೋಡೆಯಿಂದ ಮುಂದೆ ಚಾಚಿದ ಮೂವತ್ತಕ್ಕೂ ಹೆಚ್ಚು ಮಣ್ಣಿನ ಮೂರ್ತಿಗಳು, ಅವರ ಕೆಳಗೆ ನಡೆಯುತ್ತಲೇ ಇರುವ ಚಿತ್ರಗಳ ಮೆರವಣಿಗೆ. ಫೋಟೊ ತೆಗೆಯುವಂತಿಲ್ಲ. ಸಣ್ಣ ಟಾರ್ಚ್ ಇಟ್ಟುಕೊಳ್ಳಿ, ಬೆಳಕು ನೆಲಕ್ಕೆ ಬಿಡಿ, ಗೋಡೆಗೆ ಹತ್ತಿರ ಹಿಡಿಯಬೇಡಿ. ದೀಪದ ಮಸಿ ಈಗಾಗಲೇ ಸಾಕಷ್ಟು ಚಿತ್ರ ನುಂಗಿದೆ, ನಮ್ಮ ಕರ್ಪೂರದ ಕಾಣಿಕೆ ಬೇಡ.

ತಾಬೋದ ಬಾಗಿಲುಗಳ ಬಗ್ಗೆ ಬೇರೆಯಾಗಿ ಹೇಳಬೇಕು. ಹೊಸ್ತಿಲು ಎತ್ತರ, ಮೇಲಿನ ಪಟ್ಟಿ ತಗ್ಗು. ಹೊಸ್ತಿಲು ತುಳಿಯಬಾರದೆಂಬ ಸಂಸ್ಕಾರವಿರುವ ಕನ್ನಡಿಗ ಕಾಲು ನೋಡಿಕೊಂಡು ದಾಟುತ್ತಾನೆ, ತಲೆ ಟಣ್ ಎನ್ನುತ್ತದೆ. ತಲೆ ಉಜ್ಜಿಕೊಳ್ಳುತ್ತಾ ಹಿಂದೆ ಸರಿದರೆ ಎರಡನೇ ಸಲ. ಇನ್ನು ಬೂಟು. ಪಾದದ ಗೆಣ್ಣು ಮುಚ್ಚುವ, ಹನ್ನೆರಡು ತೂತಿನ ಲೇಸಿನ ಟ್ರೆಕ್ಕಿಂಗ್ ಬೂಟನ್ನು ಬೆಂಗಳೂರಿನಲ್ಲಿ ಕೊಳ್ಳುವಾಗ ಮಠಕ್ಕೆ ಮಠಕ್ಕೆ ಬಿಚ್ಚಿ ಕಟ್ಟಬೇಕೆಂಬುದು ಯಾರಿಗೂ ಹೊಳೆಯುವುದಿಲ್ಲ. ಒಂದು ದಿನಕ್ಕೆ ನಾಲ್ಕು ಗುಡಿ, ಗುಡಿಗೆ ಎರಡು ಸಲ ಬಗ್ಗುವುದು. ಆ ಎತ್ತರದಲ್ಲಿ ಬಗ್ಗಿ ಎದ್ದರೆ ಕಣ್ಣಿಗೆ ಕತ್ತಲೆ. ಕಾರಿನ ದಿನಗಳಿಗೆ ಪಟ್ಟಿ ಚಪ್ಪಲಿ ಮತ್ತು ದಪ್ಪ ಉಣ್ಣೆ ಕಾಲುಚೀಲ ಸಾಕು. ನೆಲ ಮಂಜುಗಡ್ಡೆಯಂತಿರುವುದರಿಂದ ಚೀಲ ಬೇಕೇ ಬೇಕು, ಹೆಬ್ಬೆರಳು ಹೊರಗೆ ಇಣುಕದ ಚೀಲವಾದರೆ ಮರ್ಯಾದೆಯೂ ಉಳಿಯುತ್ತದೆ. ಪ್ರದಕ್ಷಿಣೆ ನಮ್ಮ ಹಾಗೇ, ಬಲಗಡೆಗೆ ಗುಡಿ ಬರುವಂತೆ. ಪ್ರಾರ್ಥನಾ ಚಕ್ರ ತಿರುಗಿಸುವುದೂ ಗಡಿಯಾರದ ದಿಕ್ಕಿಗೆ. ದಾರಿಯ ಮಧ್ಯೆ ಮಣಿಕಲ್ಲಿನ, ಅಂದರೆ ಮಂತ್ರ ಕೆತ್ತಿದ ಕಲ್ಲುಗಳ, ಗೋಡೆ ಬಂದರೂ ಅದೇ ನಿಯಮ. ಈ ಒಂದರಲ್ಲಿ ಮಾತ್ರ ನಮ್ಮವರು ಹುಟ್ಟು ಪಂಡಿತರು. ರಾಂಗ್ ಸೈಡ್ ಓಡಿಸುವುದು ರಸ್ತೆಯಲ್ಲಿ ಮಾತ್ರ.

ಮಠದಿಂದ ಹೊರಬಂದು ರಸ್ತೆಯಾಚೆ ತಲೆಯೆತ್ತಿದರೆ ಬೆಟ್ಟದ ಮೈಯಲ್ಲಿ ಪಾರಿವಾಳದ ಗೂಡಿನಂಥ ತೂತುಗಳು ಕಾಣುತ್ತವೆ. ಭಿಕ್ಷುಗಳು ಧ್ಯಾನಕ್ಕೆ, ಚಳಿಗಾಲಕ್ಕೆ ಕೊರೆದುಕೊಂಡ ಗುಹೆಗಳು. ಬಸ್ಸಿನಲ್ಲಿ ಬಂದ ತಂಡಗಳಲ್ಲಿ ಬಹುಪಾಲು ಇತ್ತ ನೋಡುವುದೇ ಇಲ್ಲ, ಅದೇ ಇವುಗಳ ಪುಣ್ಯ. ಹತ್ತುವುದು ಸುಲಭ. ಇಳಿಯುವಾಗ ಸಡಿಲ ಜಲ್ಲಿಯ ಮೇಲೆ ಕಾಲು ಜಾರಿ ಕೂತುಕೊಂಡೇ ಬರುವುದು ವಾಡಿಕೆ, ಹಾಗಾಗಿ ಬಿಳಿ ಪ್ಯಾಂಟು ಬೇಡ.

ತಾಬೋಗೆ ಮೊದಲೇ, ಸುಮ್ದೋ ಬಳಿ ಮುಖ್ಯ ರಸ್ತೆ ಬಿಟ್ಟು ಒಳಗೆ ಹೋದರೆ ಗ್ಯೂ ಎಂಬ ಊರು. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಒಬ್ಬ ಭಿಕ್ಷು ಕೂತಿದ್ದಾನೆ, ಸುಮಾರು ಐನೂರು ವರ್ಷದಿಂದ. ಹೆಸರು ಸಂಘಾ ತೆಂಜಿನ್ ಎನ್ನುತ್ತಾರೆ. 1975ರ ಜನವರಿಯ ಭೂಕಂಪ ಗೋರಿಯನ್ನು ಬಿರಿದಾಗ ಲೋಕಕ್ಕೆ ಕಂಡದ್ದು. ಹಲ್ಲು, ತಲೆಗೂದಲು ಇನ್ನೂ ಇವೆ. ಔಷಧಿ ಲೇಪ ಯಾವುದೂ ಇಲ್ಲ, ಒಣ ಚಳಿಯೇ ಕಾಪಾಡಿದ್ದು. ಇಲ್ಲಿ ನಡೆಯುವ ಎಡವಟ್ಟು ಒಂದೇ. ಬಂದವರು ಪೆಟ್ಟಿಗೆಯ ಪಕ್ಕ ಹಲ್ಲು ಕಿರಿದು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಆಮೇಲೆ ಫೋಟೊ ನೋಡಿದಾಗ, ನಾಲ್ಕು ದಿನದ ಧೂಳು, ಒಡೆದ ತುಟಿ, ಊದಿದ ಕಣ್ಣಿನ ನಡುವೆ, ಇಬ್ಬರಲ್ಲಿ ಹೆಚ್ಚು ಸುಸ್ಥಿತಿಯಲ್ಲಿರುವವರು ಯಾರೆಂಬ ಅನುಮಾನ ಬರುತ್ತದೆ. ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ ಹಚ್ಚಬೇಕು, ತುಟಿಗೆ ತುಪ್ಪವಾದರೂ ಸರಿ. ಸಾವಿರ ಮೀಟರ್ ಏರಿದಂತೆಲ್ಲ ನೇರಳಾತೀತ ಕಿರಣ ಸುಮಾರು ಶೇ. 10ರಷ್ಟು ಹೆಚ್ಚುತ್ತಾ ಹೋಗುತ್ತದೆ, ಚಳಿ ಇದ್ದರೂ ಬಿಸಿಲು ಸುಡುವುದು ಅದಕ್ಕೇ.

ಲಿಂಗ್ತಿ ಕಣಿವೆಯ ಲ್ಹಾಲುಂಗ್ ಎಂಬ ಪುಟ್ಟ ಊರಿಗೆ ಹೋಗುವವರು ಕಮ್ಮಿ. ಅಲ್ಲಿನ ಸೆರ್ಖಾಂಗ್, ಅಂದರೆ ಹೊನ್ನಿನ ಗುಡಿ, ನಮ್ಮ ಮನೆಯ ಹಾಲ್‌ನಷ್ಟು ದೊಡ್ಡದಲ್ಲ. ಆದರೆ ಗೋಡೆಯಲ್ಲಿ ಬೆರಳಿಡುವಷ್ಟು ಜಾಗ ಬಿಡದೆ ಮೂರ್ತಿಗಳು. ಬಾಗಿಲಿಗೆ ಮಾತ್ರ ಬೀಗ. ಬೀಗದ ಕೈ ಊರಿನಲ್ಲಿ ಯಾರದೋ ಹತ್ತಿರ, ಅವರು ಬಟಾಣಿ ಹೊಲದಲ್ಲಿ. ಇಲ್ಲಿ ನಮ್ಮವರು “ಕೀ ಎಲ್ಲಿ? ಕೀ ಎಲ್ಲಿ?” ಎಂದು ಕೇಳಿ ಊರವರು ಸಂತೋಷದಿಂದ ಕಾಜಾ ಕಡೆಗೆ ಕೈ ತೋರಿಸುವ ಅಪಾಯವಿದೆ, ಸ್ಪಿತಿಯ ಅತಿ ಪ್ರಸಿದ್ಧ ಮಠದ ಹೆಸರು ಕೀ. ‘ಚಾಬಿ’ ಎನ್ನಿ. ಕಾಯಲು ಒಂದು ಗಂಟೆ ಇಟ್ಟುಕೊಳ್ಳಿ.

ಇನ್ನೊಂದು ಎಚ್ಚರಿಕೆ. ಲಾಮಾರ ಎದುರಿಗೆ ನಿಂತು, ಅವರಿಗೇನು ತಿಳಿಯುತ್ತದೆಂದು, ಕನ್ನಡದಲ್ಲಿ ಟೀಕೆ ಟಿಪ್ಪಣಿ ಮಾಡಬೇಡಿ. ತಾಬೋ, ಧನ್ಕರ್, ಕೀ ಮೂರೂ ಟಿಬೆಟ್ ಬೌದ್ಧರ ಗೆಲುಗ್ ಪಂಥದ ಮಠಗಳು. ಆ ಪಂಥದ ಮೂರು ಮಹಾವಿದ್ಯಾಲಯಗಳು ಟಿಬೆಟ್ ಬಿಟ್ಟ ಮೇಲೆ ಬೇರೂರಿದ್ದು ನಮ್ಮ ರಾಜ್ಯದಲ್ಲೇ: ಸೆರಾ ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂದೆನ್ ಮುಂಡಗೋಡದಲ್ಲಿ. ದೊಡ್ಡ ಓದಿಗೆ ದಕ್ಷಿಣಕ್ಕೆ ಬಂದು ಹೋದ ಭಿಕ್ಷುಗಳಿಗೆ ಮುಂಡಗೋಡದ ಸೆಕೆಯ ಜೊತೆಗೆ ನಾಲ್ಕು ಮಾತು ಕನ್ನಡವೂ ನೆನಪಿರುತ್ತದೆ. “ಈ ಸ್ವಾಮಿ ಯಾಕೋ ಗಂಟುಮುಖ” ಎಂಬುದು ಆ ನಾಲ್ಕರಲ್ಲಿ ಒಂದಾಗಿರಬಹುದು.

ಧನ್ಕರ್ ಹಿಂದೆ ಸ್ಪಿತಿಯ ರಾಜಧಾನಿಯಾಗಿತ್ತು. 3,894 ಮೀಟರ್ ಎತ್ತರದಲ್ಲಿ, ಸ್ಪಿತಿ ಮತ್ತು ಪಿನ್ ನದಿಗಳು ಸೇರುವ ಜಾಗದ ನೆತ್ತಿಯ ಮೇಲೆ, ಬೆಟ್ಟ ಸವೆದು ಉಳಿದ ಮಣ್ಣಿನ ಕೊಂಬುಗಳ ನಡುವೆ ಹಳೆಯ ಮಠ ಸಿಕ್ಕಿಹಾಕಿಕೊಂಡಿದೆ. 2006ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಜಗತ್ತಿನ ಅಪಾಯದಲ್ಲಿರುವ ನೂರು ತಾಣಗಳ ಪಟ್ಟಿಗೆ ಇದನ್ನು ಸೇರಿಸಿತು. ಆದ್ದರಿಂದ ಮಾಳಿಗೆಯ ಮೇಲೆ ಹನ್ನೆರಡು ಜನ ಒಟ್ಟಿಗೆ ಹಾರಿ ಫೋಟೊ ತೆಗೆಸಿಕೊಳ್ಳುವ ಬಯಕೆಯನ್ನು ಕಬ್ಬನ್ ಪಾರ್ಕಿನಲ್ಲಿ ತೀರಿಸಿಕೊಳ್ಳಬೇಕು. ಮೇಲಕ್ಕೆ ಒಂದು ಗಂಟೆ ನಡೆದರೆ ಧನ್ಕರ್ ಕೆರೆ. ಬೆಂಗಳೂರಿನವರಿಗೆ ಮೊದಲ ಹತ್ತು ನಿಮಿಷ ಉತ್ಸಾಹ, ಮುಂದಿನ ಇಪ್ಪತ್ತು ನಿಮಿಷ ಮೌನ, ಆಮೇಲೆ “ಕೆರೆ ಅಂದ್ರೆ ಕೆರೆ ತಾನೇ, ಸ್ಯಾಂಕಿ ನೋಡಿದ್ದೀವಲ್ಲ” ಎಂಬ ತತ್ತ್ವಜ್ಞಾನ. ಹೆಜ್ಜೆಗೊಂದು ಉಸಿರಿನ ಲೆಕ್ಕದಲ್ಲಿ ನಡೆದರೆ ನಿಲ್ಲದೆ ಹೋಗಬಹುದು. ಓಡಿ ನಿಂತು, ಓಡಿ ನಿಂತು ಹೋದವರು ಅರ್ಧದಲ್ಲೇ ಉಳಿಯುತ್ತಾರೆ.

ತಿಂಡಿ ವಿಷಯಕ್ಕೆ ಬರೋಣ, ಇಲ್ಲದಿದ್ದರೆ ಕನ್ನಡಿಗರ ಪ್ರವಾಸ ಪೂರ್ತಿಯಾಗದು. ಬೆಂಗಳೂರಿನಲ್ಲಿ ತುಂಬಿದ ಚಕ್ಕುಲಿ, ಸಾರಿನ ಪುಡಿ, ಪುಳಿಯೋಗರೆ ಗೊಜ್ಜಿನ ಪ್ಯಾಕೆಟ್‌ಗಳು ಕುಂಜುಮ್ ತಲುಪುವಾಗ ಹೊರಗಿನ ಒತ್ತಡ ಮೂರನೇ ಒಂದಕ್ಕಿಂತ ಹೆಚ್ಚು ಇಳಿದಿರುವುದರಿಂದ ತಲೆದಿಂಬಿನಂತೆ ಉಬ್ಬಿರುತ್ತವೆ. ಕಾರಿನಲ್ಲಿ ಕೂತು ಹಲ್ಲಿನಿಂದ ಹರಿದರೆ ಸಾರಿನ ಪುಡಿ ಕಣ್ಣಿಗೆ, ಗೊಜ್ಜು ಜಾಕೆಟ್ಟಿಗೆ. ಮನೆಯಲ್ಲೇ ಗಾಳಿ ಹಿಂಡಿ ಜಿಪ್ ಚೀಲಕ್ಕೆ ವರ್ಗಾಯಿಸಿ. ಟೂತ್‌ಪೇಸ್ಟ್, ಶಾಂಪೂ ಬಾಟಲಿಗೂ ಇದೇ ಉಪಚಾರ.

ನೀರು ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿಗೆ ಕುದಿಯುತ್ತದೆ, ಕಾಜಾದಲ್ಲಿ 88ರ ಸುಮಾರಿಗೆ, ಅದಕ್ಕಿಂತ ಎತ್ತರದ ಹಳ್ಳಿ ಕೋಮಿಕ್‌ನಲ್ಲಿ ಇನ್ನೂ ಕಮ್ಮಿಗೆ. ಕುದಿಯುವುದು ನಿಜ, ಬೇಯಿಸುವುದು ಸುಳ್ಳು. ಕುಕ್ಕರಿಲ್ಲದೆ ತೊಗರಿಬೇಳೆ ಇಟ್ಟವರು ಎರಡು ಗಂಟೆಯ ನಂತರ ತೊಗರಿಬೇಳೆಯನ್ನೇ ತಿನ್ನುತ್ತಾರೆ. ಫಿಲ್ಟರ್ ಕಾಫಿಗೂ ಇದೇ ತೊಂದರೆ: ನೀರು ಗಳಗಳ ಎಂದರೂ ಡಿಕಾಕ್ಷನ್ ನೀರು ನೀರು. ಅದಕ್ಕೆ ಫಿಲ್ಟರನ್ನು ಮೊದಲು ಬಿಸಿನೀರಿನಲ್ಲಿ ಅದ್ದಿ ಕಾಯಿಸಬೇಕು, ಪುಡಿ ಒಂದು ಚಮಚ ಹೆಚ್ಚು, ನೀರು ಮುಕ್ಕಾಲು, ಮೇಲೆ ಮುಚ್ಚಿ ಉಣ್ಣೆಯ ಟೋಪಿ ತೊಡಿಸಿ ಅರ್ಧ ಗಂಟೆ ಬಿಡಬೇಕು. ಟೋಪಿ ಫಿಲ್ಟರಿಗೆ, ತಲೆಗಲ್ಲ. ಹಾಲು ನಾವು ಎಣಿಸಿದ್ದಕ್ಕಿಂತ ಬೇಗ ಉಕ್ಕುತ್ತದೆ, ಒಲೆಯ ಮುಂದೆ ನಿಂತು ಮೊಬೈಲ್ ನೋಡುವ ಹಾಗಿಲ್ಲ. ಇಷ್ಟೆಲ್ಲ ಬೇಡವೆಂದರೆ ಅಲ್ಲಿಯ ತ್ಸಂಪಾ ಇದೆ, ಹುರಿದ ಬಾರ್ಲಿಯ ಹಿಟ್ಟು, ನಮ್ಮ ರಾಗಿ ಹುರಿಹಿಟ್ಟಿನ ದಾಯಾದಿ. ಬೆಣ್ಣೆ ಹಾಕಿದ ಉಪ್ಪಿನ ಚಹಾವನ್ನು ಚಹಾ ಎಂದು ಕುಡಿದರೆ ಮುಖ ಹುಳ್ಳಗಾಗುತ್ತದೆ, ತಿಳಿಸಾರು ಎಂದುಕೊಂಡು ಕುಡಿದರೆ ಇಳಿಯುತ್ತದೆ. ಬಟ್ಟಲು ಖಾಲಿ ಮಾಡಿದರೆ ಮತ್ತೆ ತುಂಬುತ್ತಾರೆ. “ಸಾಕು” ಎನ್ನುವುದನ್ನು ಮದುವೆ ಮನೆಯ ಬಡಿಸುವವರ ಹಾಗೆಯೇ ಅವರೂ ನಂಬುವುದಿಲ್ಲ. ಎರಡು ಗುಟುಕು ಕುಡಿದು ತುಂಬಿದ ಬಟ್ಟಲನ್ನು ಹಾಗೇ ಬಿಟ್ಟಿರಿ, ಹೊರಡುವಾಗ ಮುಗಿಸಿ.

ಕುಡಿದದ್ದರ ಮುಂದಿನ ಅಧ್ಯಾಯವೂ ಇದೆ. ಹಳ್ಳಿಮನೆಗಳ ಪಾಯಿಖಾನೆ ಒಣ ಪದ್ಧತಿಯದು. ಮೇಲಂತಸ್ತಿನ ನೆಲದಲ್ಲಿ ಒಂದು ಕಿಂಡಿ, ಪಕ್ಕದಲ್ಲಿ ಮಣ್ಣಿನ ರಾಶಿ, ಒಂದು ಸಲಿಕೆ. ಕೆಲಸವಾದ ಮೇಲೆ ಎರಡು ಸಲಿಕೆ ಮಣ್ಣು. ಕೆಳಗೆ ಕಳಿತು ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಚೊಂಬಿಲ್ಲದೆ ಜೀವವೇ ಇಲ್ಲ ಎನ್ನುವ ನಮ್ಮವರು ಒಂದು ಬಕೆಟ್ ನೀರು ಹೊತ್ತು ಹೋಗಿ ಸುರಿದು ಬರುತ್ತಾರೆ. ನೀರು ಬಿದ್ದರೆ ಕಳಿಯುವ ಬದಲು ಕೊಳೆಯುತ್ತದೆ, ನಾತ ಮೂರು ಮನೆಗೆ. ಆ ವರ್ಷದ ಬಟಾಣಿಗೆ ಆದ ಅನ್ಯಾಯ ಬೇರೆ.

ಹಿಕ್ಕಿಮ್‌ನಲ್ಲಿ 4,400 ಮೀಟರ್ ಎತ್ತರದಲ್ಲಿ 1983ರಿಂದ ಒಂದು ಅಂಚೆ ಕಚೇರಿ ಇದೆ. ಎಲ್ಲರೂ ಕಾರ್ಡು ಕೊಳ್ಳುತ್ತಾರೆ, ಪೆನ್ ಬಿಚ್ಚುತ್ತಾರೆ, ಅಲ್ಲಿಗೆ ನಿಲ್ಲುತ್ತಾರೆ. ಯಾರ ವಿಳಾಸವೂ ಯಾರಿಗೂ ಗೊತ್ತಿಲ್ಲ. ಗೆಳೆಯನ ಮನೆ ಎಂದರೆ ಮೊಬೈಲಿಗೆ ಬರುವ ಲೊಕೇಶನ್, ಅತ್ತೆ ಮನೆ ಎಂದರೆ ‘ಗಣೇಶನ ಗುಡಿ ಹಿಂದೆ, ಹಸಿರು ಗೇಟು’. ಕೊನೆಗೆ ಹತ್ತು ಕಾರ್ಡೂ ಸ್ವಂತ ವಿಳಾಸಕ್ಕೇ ಹೋಗುತ್ತವೆ. ಹೊರಡುವ ಮೊದಲು ನಾಲ್ಕೈದು ವಿಳಾಸ, 560ರಿಂದ ಶುರುವಾಗುವ ಪಿನ್ ಸಮೇತ, ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಚಿಲ್ಲರೆ ನೋಟೂ ಇರಲಿ. ಹತ್ತು ರೂಪಾಯಿಯ ಕೊತ್ತಂಬರಿಗೂ ಸ್ಕ್ಯಾನ್ ಮಾಡುವ ಕೈಗಳು ಅಲ್ಲಿ ಸಿಗ್ನಲ್ಲಿಗಾಗಿ ಆಕಾಶದತ್ತ ಮೊಬೈಲ್ ಎತ್ತಿ ನಿಂತಿರುವ ದೃಶ್ಯ, ದೂರದಿಂದ, ಪ್ರಾರ್ಥನೆಯಂತೆಯೇ ಕಾಣುತ್ತದೆ.

ಪಕ್ಕದ ಲಾಂಗ್ಜಾದಲ್ಲಿ ನೆಲವೇ ಸಮುದ್ರ. ಹಿಮಾಲಯ ಏಳುವ ಮೊದಲು ಅಲ್ಲಿದ್ದ ಟೆಥಿಸ್ ಸಾಗರದ ಸುರುಳಿ ಚಿಪ್ಪಿನ ಅಮೋನೈಟ್‌ಗಳು ಕಲ್ಲಾಗಿ ಕಪ್ಪು ಜೇಡಿ ಪದರದಲ್ಲಿ ಹುದುಗಿವೆ. ಇವನ್ನು ಹೆಕ್ಕಬಾರದು, ಮಕ್ಕಳು ಮಾರಲು ತಂದರೂ ಕೊಳ್ಳಬಾರದು. ಆಸೆ ತಡೆಯದವರು ಒಂದು ವಿಷಯ ನೆನೆಯಬಹುದು: ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಸಾಲಿಗ್ರಾಮವೂ ಅದೇ ಸಮುದ್ರದ ಅಮೋನೈಟೇ. ಎರಡು ಸಾವಿರ ಚಿಲ್ಲರೆ ಕಿ.ಮೀ. ಬಂದು ಕದಿಯಲು ಹೊರಟದ್ದನ್ನು ಬಸವನಗುಡಿಯ ದೇವರ ಮನೆಯಲ್ಲಿ ಅಜ್ಜಿ ದಿನಾ ಬೆಳಿಗ್ಗೆ ನೀರೆರೆದು ಒರೆಸಿ ಸಂಪುಟದಲ್ಲಿ ಇಡುತ್ತಿರುತ್ತಾರೆ.

ನೆನಪಿಗೆ ಏನಾದರೂ ತರಲೇಬೇಕೆಂದರೆ, ಕೋಮಿಕ್‌ನಲ್ಲಿ 4,587 ಮೀಟರಿನ ಗಾಳಿಯಲ್ಲಿ ಖಾಲಿ ನೀರಿನ ಬಾಟಲಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ ಚೀಲಕ್ಕೆ ಹಾಕಿಕೊಳ್ಳಿ. ಇಳಿಯುತ್ತಾ ಬಂದಂತೆ ಹೊರಗಿನ ಒತ್ತಡ ಅದನ್ನು ಅದುಮುತ್ತದೆ. ರಾಂಪುರದಲ್ಲಿ ಸೊಂಟ ಮುರಿಯುತ್ತದೆ, ಚಂಡೀಗಢದಲ್ಲಿ ಹೊಟ್ಟೆ ಬೆನ್ನಿಗೆ ಅಂಟುತ್ತದೆ. ಖಾಲಿ ಬಾಟಲಿಯಾದ್ದರಿಂದ ವಿಮಾನ ನಿಲ್ದಾಣದಲ್ಲೂ ತಕರಾರಿಲ್ಲ. ಬೆಂಗಳೂರಿಗೆ ಬಂದು ಶೋಕೇಸಿನಲ್ಲಿ, ಸೊಟ್ಟ ಬಿದ್ದು, ಒಳಗೆ ಸ್ಪಿತಿಯ ಗಾಳಿ ಹಿಡಿದುಕೊಂಡು ನಿಂತಿರುತ್ತದೆ. ಒಣಕಸದ ಗಾಡಿ ಬರುವ ದಿನದವರೆಗೆ.